ಸುಳ್ಳು ಸಕ್ಕರೆ

"ಏನ್ರೀ, ಹಸುಗೂ ಶುಗರ್ ಬತ್ತದಾ?"

ಕೈಲಾಂಚದ ಅನಂತರಾಜು ಅವರ ಕೊಟ್ಟಿಗೆಯಲ್ಲಿ ಸಿರಿಂಜು ಹಿಡಿದು ನಿಂತಿದ್ದ ಸಿದ್ಧಾರ್ಥ ತಿರುಗಿ ನೋಡಿದ. ಮನೆಯ ಮಗಳು ಧನುಶ್ರೀ, ಹಾಲಿನ ಕ್ಯಾನು ಹಿಡಿದುಕೊಂಡು, ನಗು ತಡೆಯೋಕೆ ತುಟಿ ಕಚ್ಚಿಕೊಂಡಿದ್ದಳು. ರಾಮನಗರದ ಲ್ಯಾಬಿನಿಂದ ಸಕ್ಕರೆ ರಿಸರ್ಚಿನೋರು ಬಂದವ್ರೆ ಅಂತ ಯಾರೋ ಹೇಳಿದ್ದನ್ನೇ ನಂಬಿಬಿಟ್ಟಿದ್ದಳು ಹುಡುಗಿ.

"ಹಸುಗಲ್ಲ, ಅದರ ರಕ್ತದಲ್ಲಿರೋ ಪರಾವಲಂಬಿಗೆ. ಕಣ್ಣಿಗೆ ಕಾಣದ ಹುಳ ಅಂದ್ಕೊಳ್ಳಿ. ಸಕ್ಕರೆ ತಿಂದೇ ಬೆಳೆಯುತ್ತೆ. ನಾವು ಸಕ್ಕರೆ ಥರಾನೇ ಇರೋ ಇನ್ನೊಂದನ್ನ ಕೊಡ್ತೀವಿ. ನಂಬಿ ಒಳಗೆ ಬಿಟ್ಕೊಳ್ಳುತ್ತೆ. ಆದ್ರೆ ಅರಗಿಸ್ಕೊಳ್ಳೋಕಾಗಲ್ಲ, ಬೆಳವಣಿಗೆ ನಿಂತೋಗುತ್ತೆ."

"ಅಂದ್ರೆ ಸುಳ್ಳು ಸಕ್ಕರೆ! ಪಾಪ, ಹೊಟ್ಟೆ ತುಂಬಿದ್ರೂ ಉಪವಾಸ." ಅವಳ ಕಣ್ಣಲ್ಲಿ ತುಂಟತನ ಇಣುಕಿತು. "ಹಸು ಮೋಸ ಹೋಗಲ್ವಾ?"

"ಹೋಗುತ್ತೆ. ಅದಕ್ಕೇ ಹಸುಗೆ ಕೊಟ್ಟಿಲ್ಲ, ಗಾಜಿನ ಟ್ಯೂಬಲ್ಲೇ ನೋಡ್ತಿದ್ದೀವಿ. ಹುಳ ಮಾತ್ರ ಮೋಸ ಹೋಗೋ ಸಕ್ಕರೆ ಹುಡುಕೋದೇ ನನ್ ತಲೆನೋವು."

ಆಮೇಲೆ ಸ್ಯಾಂಪಲ್ ನೆಪ ಹೇಳಿಕೊಂಡು ವಾರವಾರವೂ ಬಂದ ಪುಣ್ಯಾತ್ಮ. ಆ ಹಸುವಿನ ಮೈಯಲ್ಲಿ ಅಷ್ಟು ರಕ್ತ ಎಲ್ಲಿತ್ತೋ!

ಅನಂತರಾಜು ಮೊದಲ ದಿನವೇ ಊರು, ಕೇರಿ ಎರಡನ್ನೂ ಕೇಳಿದ್ದರು. ಸೋಲೂರು ಅಂದಿದ್ದ, ಕೇರಿಯನ್ನೂ ಹೇಳಿದ್ದ. ಯಾರ ಮುಖವೂ ಕಹಿಯಾಗಲಿಲ್ಲ. ಬಂದಾಗಲೆಲ್ಲ ಧನುಶ್ರೀಯ ತಾಯಿ ಸರಸಮ್ಮ "ಬನ್ನಿ ಡಾಕ್ಟ್ರಪ್ಪ" ಅಂತ ಜಗಲಿಯ ಮೇಲೆ ಕೂರಿಸಿ ಕಾಫಿ ಕಳಿಸೋರು. ಮನೆಯವರಿಗೆ ಸ್ಟೀಲ್ ಲೋಟ, ಅವನಿಗೆ ಪೇಪರ್ ಕಪ್. ಲ್ಯಾಬಿನವನಲ್ಲವೇ, ಅಲ್ಲಿ ಬಳಸಿ ಬಿಸಾಡೋದೇ ಶುದ್ಧ. ತನಗೆಂದೇ ಹೊಸ ಕಪ್ ತೆಗೀತಾರಲ್ಲ ಅಂತ ಹಿಗ್ಗಿ ಹೀರೇಕಾಯಿಯಾದ.

"ನಿಮ್ಮಮ್ಮಂಗೆ ಎಷ್ಟು ಹೈಜೀನ್ ರೀ!" ಅಂತ ಒಮ್ಮೆ ಹೊಗಳಿಯೂ ಬಿಟ್ಟ.

ಎಲ್ಲದಕ್ಕೂ ನಗುವ ಧನುಶ್ರೀ ಅದಕ್ಕೆ ನಗಲಿಲ್ಲ. "ಸಕ್ಕರೆ ಸಾಕಾ?" ಅಂತ ಕೇಳಿದಳು. ಕಪ್ ಕೊಟ್ಟ ಬೆರಳು ಒಸಿ ಹೊತ್ತು ಅವನ ಬೆರಳಿಗೆ ತಾಗಿಕೊಂಡೇ ಇತ್ತು. ಅವನಿಗೆ ಆ ವಾರವೆಲ್ಲ ಅದೇ ಧ್ಯಾನ.

"ನಿಮ್ಮಪ್ಪನ್ನ ಕೇಳ್ಬಿಡ್ತೀನಿ" ಅಂದಾಗ ಅವಳು ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಅವನು ಅದನ್ನೇ ಹೂಂ ಅಂದುಕೊಂಡ.

ಕೇಳಿದ. ಅನಂತರಾಜು ಸಿಟ್ಟಾಗಲಿಲ್ಲ, ನಕ್ಕೇ ಮಾತಾಡಿದರು. "ಡಾಕ್ಟ್ರೇ, ನೀವು ಬರ್ಬೇಕು, ಹೋಗ್ಬೇಕು. ಅದಕ್ಕೇನೂ ಬೇಜಾರಿಲ್ಲ. ಆದ್ರೆ ನಿಮ್ ಕೇರಿಗೆ ನಮ್ ಹೆಣ್ಣು ಕೊಡಕ್ಕಾಯ್ತದಾ? ಓದಿರೋರು, ನೀವೇ ಹೇಳಿ."

ಸರಸಮ್ಮ ಗಂಡನ ಲೋಟ ಎತ್ತಿಕೊಂಡರು. ಅವನ ಕಪ್ಪನ್ನು ಮುಟ್ಟಲಿಲ್ಲ. "ಅದನ್ನ ಹೋಗ್ತಾ ತಿಪ್ಪೆಗೆ ಹಾಕ್ಬುಡಿ ಡಾಕ್ಟ್ರಪ್ಪ" ಅಂದರು, ಎಂದಿನ ಅಕ್ಕರೆಯಿಂದಲೇ.

ಆಗ ಅರ್ಥವಾಯಿತು. ಕಪ್ಪನ್ನು ತಾನೇ ಎತ್ತಿಕೊಂಡು ಜಗಲಿಯಿಂದ ಇಳಿದ.

ಬಸ್ ಸ್ಟಾಪಿಗೆ ಧನುಶ್ರೀ ಹಿಂದೆಯೇ ಬಂದಳು. ಕಣ್ಣು ಊದಿತ್ತು.

"ನಿಂಗೆ ಗೊತ್ತಿತ್ತಾ ಧನು?"

"ಅಂಗಡಿಯಿಂದ ಕಪ್ ತರ್ತಿದ್ದೋಳೇ ನಾನು. ಹೇಳಿದ್ರೆ ನೀವು ಬರೋದೇ ನಿಲ್ಲಿಸ್ತಿದ್ರಿ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ." ಅಳು ಒತ್ತರಿಸಿ ಬಂತು. "ಸಕ್ಕರೆ ಮಾತ್ರ ನಿಜವಾದ್ದೇ ಹಾಕ್ತಿದ್ದೆ ಕಣ್ರೀ."

ದುಪಟ್ಟಾ ಮರೆಯಿಂದ ಕಾಫಿ ತೆಗೆದಳು. ಸ್ಟೀಲ್ ಲೋಟ. "ಒಂದ್ಸಲಾನಾದ್ರೂ ಇದ್ರಲ್ಲಿ ಕುಡೀರಿ."

ಕುಡಿದ. ತಣ್ಣಗಾಗಿತ್ತು, ವಿಪರೀತ ಸಿಹಿಯಾಗಿತ್ತು. "ನನ್ ಜೊತೆ ಬಂದ್ಬಿಡು" ಅಂದ.

ಅವಳು ತಲೆ ಅಲ್ಲಾಡಿಸಿದಳು. "ಅಷ್ಟು ಧೈರ್ಯ ನಂಗಿಲ್ಲ."

ಬಸ್ ಬಂತು. ಅವನು ಲೋಟ ಚಾಚಿದ. ತೆಗೆದುಕೊಳ್ಳಲು ಬಂದ ಅವಳ ಕೈ ಅರ್ಧಕ್ಕೇ ನಿಂತಿತು. ಮನೆ ಕಡೆ ತಿರುಗಿ ನೋಡಿದಳು.

"ನೀವೇ ಇಟ್ಕೊಳ್ಳಿ" ಅಂದಳು. "ವಾಪಸ್ ತಗೊಂಡೋದ್ರೆ ಅಮ್ಮ..."

ಸಿದ್ಧಾರ್ಥ ಲೋಟವನ್ನು ಸ್ಯಾಂಪಲ್ ಟ್ಯೂಬುಗಳ ಪಕ್ಕ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದ.