ಬೇಲಿಯಲ್ಲಿದ್ದ ಆರು ಗೂಡು

ಬೋಳಾದ ಬಾರಿಹಣ್ಣಿನ ಮುಳ್ಳುಗಿಡದ ಮುಂದೆ ಕೂತು ಆ ಹುಡುಗಿ ಕಣ್ಣೊರೆಸಿಕೊಂಡಾಗಲೇ ಮಾಲಿಂಗ ನಿಜ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ಅವಳು ಅರ್ಚನಾ, ಗೋಕಾಕದ ಕಾಲೇಜಿನಲ್ಲಿ ಪಾಠ ಹೇಳುವವಳು. ಹತ್ತರಗಿ ಗುಡ್ಡದ ಆ ಗಿಡದಲ್ಲಿ ಕಾಡುರೇಷ್ಮೆ ಪತಂಗದ ಆರು ಗೂಡುಗಳಿಗೆ ಕೆಂಪು ದಾರ ಕಟ್ಟಿ, ಮಳೆ ಬಿದ್ದು ಪತಂಗ ಹೊರಬರುವುದನ್ನು ಕಾಯುತ್ತಿದ್ದಳು. ಕುರಿ ಕಾಯುವ ಮಾಲಿಂಗ ಮನೆ ಮುಂದಿನ ಮರಿಗಳ ದೊಡ್ಡಿಗೆ ಮುಳ್ಳುಬೇಲಿ ಹಾಕಲು ಹಿಂದಿನ ಸಂಜೆ ಅದೇ ಟೊಂಗೆಗಳನ್ನು ಕಡಿದೊಯ್ದಿದ್ದ. ಬೇಲಿಯಲ್ಲಿ ದಾರ ಅವನಿಗೆ ಕಂಡದ್ದು ಬೆಳಗಾದ ಮೇಲೆ.

"ಯಾರರ ಕಟಗಿಗೆ ಒಯ್ದಿರಬೇಕ್ರಿ ಮೇಡಂ. ಹುಡಕೂಣ ಬರ್ರಿ," ಅಂದುಬಿಟ್ಟ.

ಮೂರು ದಿನ ಹುಡುಕಿದರು. ಹೆಣ್ಣು ಪತಂಗ ಕೂತಲ್ಲೇ ಕೂತು ವಾಸನೆ ಬಿಡುತ್ತದೆ, ಗಂಡು ಎಲ್ಲಿಂದಲೋ ಹಾರಿ ಬರುತ್ತದೆ ಎಂದು ಅವಳು ಹೇಳುವಳು. ಹೇಳುತ್ತಲೇ ಓರೆಗಣ್ಣಲ್ಲಿ ನೋಡಿ ನಗುವಳು. ಆ ನಗು ತಾನು ಕದ್ದದ್ದು ಅನಿಸಿ ಮಾಲಿಂಗನಿಗೆ ನೆಲ ಬಿರಿದು ನುಂಗಬಾರದೇ ಎನ್ನುವಷ್ಟು ನಾಚಿಕೆ. ಆದರೂ ಮರುದಿನ ಅವಳಿಗಿಂತ ಮೊದಲೇ ಬಂದು ನಿಲ್ಲುತ್ತಿದ್ದ, ಭಂಡ!

ಆಮೇಲೆ ಮಳೆ ಸುರಿಯಿತು. ಬೆಳಗ್ಗೆ ಅವನ ಅವ್ವ ಯಮನವ್ವ ಕೂಗಿ ಕರೆದಳು. ಬೇಲಿಯ ಮೇಲೆ ಅಂಗೈಗಿಂತ ಅಗಲದ ಪತಂಗಗಳು, ಜೋಡಿ ಜೋಡಿಯಾಗಿ ಕೂತಿದ್ದವು. ಮಾಲಿಂಗ ಅರ್ಚನಾಳಿಗೆ ಫೋನ್ ಹಚ್ಚಿದ.

ಅರ್ಚನಾ ಬಂದಳು. ಅವನು ತಲೆ ಎತ್ತಲಿಲ್ಲ.

"ನಾನ ಕಡದಿದ್ದೆ ಮೇಡಂ. ಸುಳ್ಳು ಹೇಳಿ ನಿಮ್ಮನ್ನ ಗುಡ್ಡಾ ತಿರಗಿಸಿದೆ. ಖರೆ ಹೇಳಿದ್ರ ನೀವು ಮತ್ತ ಈ ಕಡೆ ಬರಂಗಿಲ್ಲ ಅಂತ ಅಂಜಿದೆ."

"ಇವಕ್ಕ ಬಾಯಿ ಇದ್ದೂ ಇಲ್ಲದಂಗ. ಒಂದ್ ತುತ್ತು ತಿನ್ನೂದಿಲ್ಲ, ವಾರದಾಗ ಸಾಯ್ತಾವು," ಅಂದಳು ಅರ್ಚನಾ. "ನಿಮಗ ಬಾಯಿ ಐತಲ್ಲ? ಮೂರು ದಿನ ಏನ್ ಮಾಡಾಕತ್ತಿತ್ತು ಅದು?"

"ನಿಮ್ಮ ಮ್ಯಾಲೆ ಮನಸಾಗೇತ್ರಿ." ಹೇಳಬಾರದ ಹೊತ್ತಲ್ಲಿ ಹೇಳಿದೆನೆಂದು ಮಾಲಿಂಗ ಕಿವಿಯವರೆಗೆ ಕೆಂಪಾದ.

ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬೇಲಿಯಲ್ಲಿದ್ದ ಕೆಂಪು ದಾರದ ಕಡೆ ನೋಡಿದಳು.

"ಎರಡನೇ ದಿನ ನಿಮ್ಮವ್ವ ಚಾ ಕುಡ್ಯಾಕ ಕರದಿದ್ರಲ್ಲ, ಆವಾಗ ಈ ದಾರ ನೋಡಿದ್ದೆ."

"ಮತ್ಯಾಕ ಹುಡಕಿದ್ರಿ?"

"ಸಿಕ್ಕಾವು ಅಂದಿದ್ರ ನೀವು ನನ್ನ ಜೋಡಿ ಗುಡ್ಡಕ್ಕ ಬರ್ತಿದ್ರೇನು?" ಅವಳ ದನಿ ಸಣ್ಣಗಾಯಿತು. "ನಾಚಿಕಿ ನಿಮಗೊಬ್ಬರಿಗೇ ಅಂತ ತಿಳದೀರೇನು?"