ಫೋಟೊದ ಬಲಗಡೆ ಅಂಚು

"ನಮ್ಮವ್ವನ ಮುಖಾನ ಯಾರೋ ಕತ್ತರಿಸಿ ಒಯ್ದಾರ್ರಿ, ಬಾಯಾರ!"

ಫೋಟೊಗ್ರಾಫರ್ ಗಿರೀಶ್ ಒಂದು ಫೋಟೊ ಮುಂದೆ ಚಾಚಿದ. ಗಂಗಾಬಾಯಿಯವರು ಕನ್ನಡಕ ಏರಿಸಿಕೊಂಡರು. ಹೊಸಪೇಟೆಯ ನಿವೃತ್ತ ಹೆಡ್‌ಮಿಸ್ಟ್ರೆಸ್ ಅವರು. ಗಂಡ ತೀರಿಕೊಂಡು ಇಪ್ಪತ್ತು ವರ್ಷ. ಏನು ಕಳುವಾದರೂ ಓಣಿಯವರು ಠಾಣೆಗಿಂತ ಮೊದಲು ಅವರ ಕಟ್ಟೆಗೇ ಬರುವುದು ರೂಢಿ. ಅಂಥ ಕೆಲಸಕ್ಕೆಲ್ಲ ಅವರನ್ನು ಆಟೊದಲ್ಲಿ ಒಯ್ಯುತ್ತಿದ್ದ ಈಶ್ವರ್ ಬಾಗಿಲಿಗೆ ಒರಗಿ ನಿಂತಿದ್ದ. ಊರಿನವರ ಫೋಟೊ ಎಲ್ಲ ತೆಗೆಯುವವನ ಮನೆಯಲ್ಲಿ ಹೆತ್ತವಳದೊಂದು ಫೋಟೊ ಇಲ್ಲವೆಂದರೆ ಏನು ಹೇಳೋಣ! ಗಿರೀಶನಿಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

ಆದದ್ದು ಇಷ್ಟು. ಗಿರೀಶನದು ಕ್ರಾಪ್ ಸೆನ್ಸರ್ ಕ್ಯಾಮೆರಾ, ಅಂಚು ಬಿಟ್ಟು ನಡುವಿನಷ್ಟನ್ನೇ ಹಿಡಿಯುವಂಥದು. ಇಕ್ಕಟ್ಟಿನ ಮನೆಗಳಲ್ಲಿ ಬೆನ್ನು ಗೋಡೆಗೆ ಹತ್ತಿದರೂ ಎಲ್ಲರೂ ಚೌಕಟ್ಟಿಗೆ ಸಿಗುತ್ತಿರಲಿಲ್ಲ. ತೀರ ಅಗಲಕ್ಕೆ ಹಿಡಿಯುವ ಅಲ್ಟ್ರಾ ವೈಡ್ ಲೆನ್ಸ್ ಕೊಳ್ಳಲೋ ಬೇಡವೋ ಎಂದು ವರ್ಷವಿಡೀ ಒದ್ದಾಡಿದ್ದ. ಸಂಡೂರಿನ ಗೆಳೆಯ ಅಭಯ, ಹಂಪಿಯ ಮಂಟಪಗಳಿಗೆಂದು ಕೊಂಡಿದ್ದ ಅಂಥದೊಂದನ್ನು ಮಾರಲು ಹೊರಟಾಗ, ಪರೀಕ್ಷೆಗೆಂದು ಇಸಿದುಕೊಂಡ. ಬಸುರಿ ಹೆಂಡತಿ ಸುಮಲತಾಳಿಗೆ ಕುಬಸ ಮಾಡಿದ ದಿನ ಅದರಲ್ಲಿ ಒಂದು ಫೋಟೊ ತೆಗೆದ. ಮೊಬೈಲ್ ಎತ್ತಿದರೂ ಪಕ್ಕಕ್ಕೆ ಸರಿದುಬಿಡುತ್ತಿದ್ದ ತಾಯಿ ಗಾಳೆಮ್ಮ ಬಲ ಅಂಚಿನಲ್ಲಿ ಸಿಕ್ಕಿದ್ದಳು, ಅಂಥ ಲೆನ್ಸಿನ ಅಂಚಿನಲ್ಲಿ ಆಗುವಂತೆ ಮುಖ ತುಸು ಅಗಲಕ್ಕೆ ಹಿಗ್ಗಿತ್ತು. ದೊಡ್ಡದೊಂದು ಪ್ರಿಂಟ್ ಹಾಕಿಸಿ, ಪರೀಕ್ಷೆಯದಲ್ಲವೇ ಎಂದು ಮೆಮೊರಿ ಕಾರ್ಡ್ ಅಳಿಸಿಬಿಟ್ಟ. ತಿಂಗಳು ತುಂಬುವುದರಲ್ಲಿ ಗಾಳೆಮ್ಮ ಎದೆನೋವಿನಿಂದ ಹೋಗಿಬಿಟ್ಟಳು. ಹಾರ ಹಾಕಲು ಪ್ರಿಂಟ್ ತೆಗೆದರೆ ಬಲ ಅಂಚೇ ಇಲ್ಲ.

"ಸುಮಲತಾನ ಮಾಡ್ಯಾಳ್ರಿ. ಗಂಡ ಸತ್ತಾಕಿ ಕುಬಸದ ಫೋಟೊದಾಗ ಯಾಕ ಅಂತ ಆಕಿ ತವರಿನವರು ಗೊಣಗಿದ್ರು. ಖಾತ್ರಿಯಾದ್ರ ಇವತ್ತ ಕಂಪ್ಲಿಗೆ, ಆಕಿ ತವರಿಗೆ ಕಳಸ್ತೀನಿ!"

"ತುಂಬಿದ ಬಸುರಿನ್ನ? ಬಾಯಿ ಮುಚ್ಚು. ಈಶ್ವರ್, ಆಟೊ ತೆಗಿಯಪ್ಪ."

ಮನೆಯಲ್ಲಿ ಸುಮಲತಾಳ ಕಣ್ಣುಗಳು ಅತ್ತು ಊದಿದ್ದವು. ಲೆನ್ಸ್ ಕೊಳ್ಳುತ್ತಾನೋ ಇಲ್ಲವೋ ಕೇಳಲು ಬಂದ ಅಭಯನೂ ಇದ್ದ. ಈಶ್ವರನ ಗುಮಾನಿ ಅವನ ಮೇಲೆಯೇ. ಅಂಚಿನಲ್ಲಿ ಮುಖ ಹಿಗ್ಗಿದ್ದು ಕಂಡರೆ ಲೆನ್ಸ್ ಮಾರಾಟವಾಗುವುದುಂಟೇ?

ಗಂಗಾಬಾಯಿಯವರು ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದರು. ಸ್ಟುಡಿಯೊ ಕಟರ್, ಸುಮಲತಾಳ ಹೊಲಿಗೆಯ ಕತ್ತರಿ ಎರಡನ್ನೂ ತರಿಸಿ ರದ್ದಿ ಫೋಟೊ ಕತ್ತರಿಸಿ ನೋಡಿದರು. ಹಳೆಯ ಆಲ್ಬಂಗಳನ್ನೆಲ್ಲ ತಿರುವಿದರು. ಕೊನೆಗೆ ಗೂಟದಲ್ಲಿ ತೂಗುತ್ತಿದ್ದ ಗಾಳೆಮ್ಮನ ಎಲೆ-ಅಡಿಕೆ ಸಂಚಿಯ ಮೇಲೆ ಅವರ ಕಣ್ಣು ನಿಂತಿತು.

"ಇದನ್ನ ಯಾರರ ಮುಟ್ಟೀರೇನು?"

"ಇಲ್ರಿ, ಅತ್ತಿ ಹೋದಾಗಿಂದ ಹಂಗ ಐತಿ," ಎಂದಳು ಸುಮಲತಾ.

"ಎಲ್ಲಾರೂ ಕುಂದ್ರಿ," ಎಂದರು ಗಂಗಾಬಾಯಿ. "ಕಟರ್ ಗೆರಿ ಎಳದಂಗ ಕೊಯ್ತೈತಿ. ಹೊಲಿಗಿ ಕತ್ತರಿ ಉದ್ದಕ ಹೋಗತೈತಿ. ಇಲ್ಲಿ ನೋಡ್ರಿ, ಬೆರಳಗಲಕ್ಕೊಂದು ಕಚ್ಚು, ಅಂಚಿಗೆ ಕಂದು ಕಲಿ. ಇದು ಅಡಿಕಿ ಕತ್ತರಿಸೋ ಅಡಕತ್ತರಿ ಕೆಲಸ. ಅದು ಈ ಮನ್ಯಾಗ ಒಬ್ಬಾಕಿ ಹತ್ರನ ಇತ್ತು."

ಸಂಚಿ ಬಿಚ್ಚಿದರು. ಅಡಕತ್ತರಿ, ಸುಣ್ಣದ ಡಬ್ಬಿ, ಒಳಜೇಬಿನಲ್ಲಿ ಆ ಫೋಟೊದ ತುಂಡು. ಅದಕ್ಕೆ ತಾಗಿಕೊಂಡು ಗಂಡನ ಸಣ್ಣ ಫೋಟೊ.

"ತವರಿನವರು ಗೊಣಗಿದ್ದು ಗಾಳೆಮ್ಮನ ಕಿವಿಗೂ ಬಿದ್ದಿತ್ತು. ಹುಟ್ಟೋ ಕೂಸಿಗೆ ಕೆಟ್ಟದಾಗಬಾರದು ಅಂತ ತನ್ನನ್ನ ತಾನ ಕತ್ತರಿಸಿಕೊಂಡಾಳ. ಬಿಸಾಕಾಕ ಮನಸ ಬಂದಿಲ್ಲ, ಗಂಡನ ಹತ್ರ ಇಟ್ಕೊಂಡಾಳ."

ಸುಮಲತಾ "ಅತ್ತೀ" ಎಂದು ಬಿಕ್ಕಿದಳು. ಗಂಗಾಬಾಯಿಯವರು ಆಲ್ಬಂ ಮುಂದೆ ಸರಿಸಿದರು. ಹಾಳೆ ಹಾಳೆಯಲ್ಲೂ ಬಲಗಡೆ ಗಾಳೆಮ್ಮನ ಒಂದಿಷ್ಟು ಸೆರಗು, ಒಂದು ಮೊಣಕೈ.

"ಪ್ರತಿ ಸಲ ಅಲ್ಲೇ ನಿಂತಿದ್ದಳಪ್ಪ."

"ಈ ಲೆನ್ಸ್ ಮೊದಲ ತಗೊಂಡಿದ್ರ..." ಗಿರೀಶ್ ಆ ತುಂಡನ್ನು ಕೈಗೆತ್ತಿಕೊಂಡ.

"ಲೆನ್ಸ್ ಯಾಕೋ? 'ಅವ್ವಾ, ನಡುವ ಬಾ' ಅಂತ ಒಮ್ಮೆ ಕರದಿದ್ರ ಸಾಕಿತ್ತು."

ಅವನು ಹೆಂಡತಿಯ ಕೈ ಹಿಡಿದು ಗೊಳೋ ಎಂದು ಅತ್ತ. ಅಭಯ ಲೆನ್ಸನ್ನು ತಾನಾಗಿಯೇ ಚೀಲಕ್ಕೆ ಹಾಕಿಕೊಂಡ.

ಎರಡು ತಿಂಗಳ ನಂತರ, ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಅದೇ ಇಕ್ಕಟ್ಟಿನ ಕೋಣೆ, ಅದೇ ಹಳೆಯ ಲೆನ್ಸ್. ಎಲ್ಲರೂ ಫೋಟೊಗೆ ನಿಂತಾಗ ಗಂಗಾಬಾಯಿಯವರು ಇಪ್ಪತ್ತು ವರ್ಷದ ರೂಢಿಯಂತೆ ಬಲ ಮೂಲೆಗೆ ಸರಿದರು. ಗಿರೀಶ್ ಕ್ಯಾಮೆರಾ ಇಳಿಸಿದ.

"ಬಾಯಾರ, ನಡುವ ಬರ್ರಿ."

ಸುಮಲತಾ ಅವರನ್ನು ಎಳೆದು ತಂದು ಕೂರಿಸಿ ಕೂಸನ್ನು ಮಡಿಲಿಗೆ ಹಾಕಿದಳು. ಎಷ್ಟೋ ಜನರ ಗುಟ್ಟು ಬಿಡಿಸಿದ ಬಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಈಶ್ವರ್ ಅವತ್ತೇ ಮೊದಲು ನೋಡಿದ್ದು.