ರೊಟ್ಟಿಮನೆಯ ಒಗ್ಗಿಕೆ ಅಂಕ

ಗುಂಡಿ ಒತ್ತಿದ ಏಳು ನಿಮಿಷಕ್ಕೆ ಖಾಲಿ ಜಾಗದಲ್ಲಿ ಮನೆ ಎದ್ದು ನಿಂತಿತು. ಮೊದಲು ನೆಲದ ಮೇಲೆ ನಸುನೀಲಿ ಗೆರೆಗಳು ಮೂಡಿದವು, ಗೆರೆಗಳು ಗೋಡೆಗಳಾಗಿ ಮೇಲೇರಿದವು, ಗೋಡೆಗಳಲ್ಲಿ ಕಿಟಕಿಗಳು ತೆರೆದುಕೊಂಡವು, ಕೊನೆಗೆ ಇಳಿಜಾರು ಮಾಡೊಂದು ಬಂದು ಎಲ್ಲವನ್ನೂ ಮುಚ್ಚಿತು. ಗದಗಿನ ಕೆಂಪುಗುಡಿ ಓಣಿಯ ಹದಿನಾಲ್ಕು ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನೋಡುತ್ತಿದ್ದರು. ಇವರು ಓಣಿಯ ರೊಟ್ಟಿ ಸಂಘದವರು. ಊರಿನ ಹಾಸ್ಟೆಲುಗಳಿಗೂ ಮದುವೆಮನೆಗಳಿಗೂ ದಿನಕ್ಕೆ ಎರಡು ಸಾವಿರ ಜೋಳದ ರೊಟ್ಟಿ ಬಡಿದು ಕೊಡುವವರು.

"ಗ್ವಾಡಿ ಮುಟ್ಟಿದ್ರ ಕರೆಂಟ್ ಹೊಡಿತೈತೇನ್ರಿ?" ಎಂದು ಸಂಘದ ಹಿರಿಯಳಾದ ಫಕೀರವ್ವ ಕೇಳಿದಳು.

"ಇಲ್ಲ ಅವ್ವಾರ, ಒರಗಿ ನಿಲ್ರಿ ಬೇಕಾದ್ರ," ಎಂದರು ಯಂತ್ರವನ್ನು ಕಂಡುಹಿಡಿದ ವಿಜ್ಞಾನಿ ಡಾ. ಮೃತ್ಯುಂಜಯ ಕಡಕೋಳ.

ಯಂತ್ರದ ಹೆಸರು ಮುನ್ಮನೆ. ಕಟ್ಟುವ ಮುಂಚೆಯೇ ಕಟ್ಟಡವನ್ನು ನಿಲ್ಲಿಸಿ ತೋರಿಸುವ ಯಂತ್ರ. ಬೆಳಕನ್ನೂ ಒತ್ತಿಟ್ಟ ಗಾಳಿಯನ್ನೂ ಹೆಣೆದು ಅದು ಮಾಡುವ ವಸ್ತುವಿಗೆ ಗಟ್ಟಿಬೆಳಕು ಎಂದು ಹೆಸರು. ಒರಗಿದರೆ ತಡೆಯುತ್ತದೆ, ಕಟ್ಟೆಯ ಮೇಲೆ ರೊಟ್ಟಿಯ ಹಂಚು ಇಟ್ಟರೆ ಹೊರುತ್ತದೆ, ಯಂತ್ರ ಆರಿಸಿದರೆ ಮಾಯವಾಗುತ್ತದೆ. ಆದರೆ ಯಂತ್ರದ ನಿಜವಾದ ಹೆಚ್ಚುಗಾರಿಕೆ ಇದಲ್ಲ. ಒಳಗೆ ಓಡಾಡುವವರ ಕಾಲು ಎಲ್ಲಿ ತಡವರಿಸಿತು, ಕೈ ಎಲ್ಲಿ ಎಟುಕಲಿಲ್ಲ, ಸೊಂಟ ಎಷ್ಟು ಸಲ ಬಾಗಿತು, ಯಾರು ಯಾವ ಮೂಲೆಗೆ ಹೋಗದೇ ಉಳಿದರು ಎಂಬುದನ್ನೆಲ್ಲ ಅದು ಅಳೆದು ನೂರಕ್ಕೆ ಇಷ್ಟು ಎಂದು ಒಂದು ಅಂಕ ಕೊಡುತ್ತದೆ. ಅದೇ ಒಗ್ಗಿಕೆ ಅಂಕ. ಏಳು ದಿನದ ಪರೀಕ್ಷೆಯಲ್ಲಿ ಮೊದಲ ಆರು ದಿನ ರೂಢಿಗೆ, ಏಳನೆಯದು ತೀರ್ಪಿಗೆ. ಕೊನೆಯ ದಿನ ಸಂಜೆ ನಾಲ್ಕಕ್ಕೆ ಎಂಬತ್ತು ಇಲ್ಲವೆ ಹೆಚ್ಚು ಬಂದರೆ ಮಾರನೆಯ ಬೆಳಿಗ್ಗೆ ಕಟ್ಟಡ ಮುದ್ರಿಸುವ ಯಂತ್ರಗಳು ಬಂದು ಮೂರು ದಿನದಲ್ಲಿ ಅದನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ದು ಹೋಗುತ್ತವೆ. ಆಮೇಲೆ ನಲವತ್ತು ವರ್ಷ ಅದನ್ನು ಅಲುಗಾಡಿಸುವವರಿಲ್ಲ.

ಅದೇ ಅಂಕವನ್ನು ವಾಸ್ತುಶಿಲ್ಪ ಕಾಲೇಜುಗಳೂ ಹಿಡಿದುಕೊಂಡವು. ಮೇಷ್ಟರುಗಳು ಪಕ್ಷಪಾತ ಮಾಡುತ್ತಾರೆಂದು ವಿದ್ಯಾರ್ಥಿಗಳು ಗಲಾಟೆ ಮಾಡಿದ್ದರಿಂದ, ಕೊನೆಯ ವರ್ಷದವರು ಯಾವುದಾದರೂ ಸಮುದಾಯದ ನಡುವೆ ಮೂರು ತಿಂಗಳು ಇದ್ದು, ಅವರಿಗೊಂದು ಕಟ್ಟಡ ರೂಪಿಸಿ, ಯಂತ್ರದಿಂದ ಎಂಬತ್ತು ತರಬೇಕೆಂದು ನಿಯಮವಾಯಿತು. ತರದಿದ್ದರೆ ವರ್ಷ ಹೋಯಿತು. ತುಮಕೂರಿನ ಪ್ರಣತಿಗೆ ಹೀಗೆ ಆಗಲೇ ಎರಡು ವರ್ಷ ಹೋಗಿದ್ದವು. ಮೊದಲ ವರ್ಷದ ವಾಚನಾಲಯಕ್ಕೆ ಐವತ್ತೆರಡು, ಎರಡನೆಯ ವರ್ಷದ ಬಸ್ ತಂಗುದಾಣಕ್ಕೆ ಎಪ್ಪತ್ತೊಂಬತ್ತು. ಮೂರನೆಯ ಸಲವೂ ತಪ್ಪಿದರೆ ಕಾಲೇಜಿನಿಂದ ಹೊರಗೆ. ಇಷ್ಟು ವರ್ಷ ಗೆರೆ ಎಳೆದದ್ದು ನೀರಿನಲ್ಲಿ ಹೋಮ.

ಪಾಪ, ಅವಳು ಕೇಳುವುದನ್ನೆಲ್ಲ ಕೇಳಿದ್ದಳು. ಎರಡೂವರೆ ತಿಂಗಳು ಸಂಘದ ತಗಡಿನ ಶೆಡ್ಡಿನಲ್ಲಿ ಕುಳಿತು, ಹೊಗೆ ಕುಡಿದು, ಕೇಳಿ ಕೇಳಿ ಅವಳ ಬಾಯಿ ಒಣಗಿತ್ತು.

"ಒಲೆ ಕಿಟಕಿ ಹತ್ತಿರ ಇರಬೇಕಾ, ಗೋಡೆ ಹತ್ತಿರ ಇರಬೇಕಾ ಅಕ್ಕಾ?"

"ಎಲ್ಲಿ ಇಟ್ರೂ ಚಲೋನ ತಂಗಿ."

"ನಿಂತು ಬಡಿಯೋ ಹಾಗೆ ಕಟ್ಟೆ ಮಾಡಲಾ? ಮಂಡಿನೋವು ಕಡಿಮೆ ಆಗುತ್ತೆ."

"ಮಾಡವಾ, ನೀ ಕಲಿತಾಕಿ. ಮೊದ್ಲ ಚಾ ಕುಡಿ."

ಹದಿನಾಲ್ಕು ಜನರಲ್ಲಿ ಒಬ್ಬಳಾದರೂ ಒಂದೇ ಒಂದು ಸಲ 'ಬೇಡ' ಎನ್ನಬಾರದೆ? ದೂರದ ಊರಿನಿಂದ ಬಂದ ಹೆಣ್ಣುಮಗಳ ಮನಸ್ಸು ನೋಯಿಸಬಾರದೆಂಬುದು ಆ ಓಣಿಯ ಕಟ್ಟುಪಾಡು. ಪ್ರಣತಿ ತಲೆ ಚಚ್ಚಿಕೊಂಡು, ತನಗೆ ತಿಳಿದಂತೆ ನಕ್ಷೆ ಬರೆದಳು. ಹೊಗೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗದ ಹಾಗೆ ಪ್ರತಿಯೊಬ್ಬರಿಗೂ ಒಂದೊಂದು ಗೂಡು, ಗೂಡಿಗೊಂದು ದೊಡ್ಡ ಕಿಟಕಿ, ನಿಂತು ಕೆಲಸ ಮಾಡುವ ಕಟ್ಟೆ, ಬಿಡುವಿನಲ್ಲಿ ಕೂರಲು ಓದುವ ಮೂಲೆ. ನೋಡಿದವರು ಭೇಷ್ ಎನ್ನುವ ಹಾಗಿತ್ತು.

"ಅವರ ಬಾಯಿಮಾತು ಹಾಗಿರಲಿ," ಎಂದು ಡಾ. ಕಡಕೋಳ ಅವಳಿಗೆ ಧೈರ್ಯ ಹೇಳಿದರು. "ದಾಕ್ಷಿಣ್ಯ ಇರೋದು ಬಾಯಿಗೆ ಮಾತ್ರ. ನನ್ನ ಯಂತ್ರ ಕೇಳೋದು ಕಾಲನ್ನ. ಕಾಲು ಸುಳ್ಳು ಹೇಳೋದಿಲ್ಲ."

ಮೊದಲ ದಿನ ಎಂಬತ್ತೆಂಟು ಬಂತು. ಮೂರನೆಯ ದಿನ ತೊಂಬತ್ನಾಲ್ಕು. ಐದನೆಯ ದಿನ ತೊಂಬತ್ತೇಳು! ಯಾರೂ ತಡವರಿಸುತ್ತಿರಲಿಲ್ಲ, ಯಾರೂ ಯಾರಿಗೂ ಡಿಕ್ಕಿ ಹೊಡೆಯುತ್ತಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ನಾಲ್ವರು ಸರದಿಯ ಪ್ರಕಾರ ಓದುವ ಮೂಲೆಯಲ್ಲಿ ಕುಳಿತು ಪುಟ ತಿರುಗಿಸುತ್ತಿದ್ದರು. ಪ್ರಣತಿಗೆ ನೆಲದ ಮೇಲೆ ಕಾಲೇ ನಿಲ್ಲದಾಯಿತು. ಆ ನಾಲ್ವರಲ್ಲಿ ಒಬ್ಬಳಾದ ಫಕೀರವ್ವನಿಗೆ ಅಕ್ಷರ ಬಾರದು ಎಂಬುದು ಆ ಸಂತೋಷದಲ್ಲಿ ಅವಳಿಗೆ ನೆನಪಾಗಲಿಲ್ಲ.

ಆರನೆಯ ದಿನ ಅವಳು ಬೆಳಗಿನ ಐದೂವರೆಗೇ ಓಣಿಗೆ ಬಂದಳು. ಬಿಸಿಲು ಬೀಳುವ ಮುಂಚೆ ಗಟ್ಟಿಬೆಳಕಿನ ಮನೆಯ ಫೋಟೋ ತೆಗೆಯಬೇಕಿತ್ತು. ಯಂತ್ರ ಚಾಲೂ ಆಗುವುದು ಒಂಬತ್ತಕ್ಕೆ ಎಂಬುದು ಅಲ್ಲಿ ನಿಂತ ಮೇಲೆ ಹೊಳೆದು ತನ್ನನ್ನು ತಾನೇ ಬೈದುಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಪಟಪಟ ಸದ್ದು ಕೇಳಿಸಿತು. ಸಂಘದವರು ಬಿಟ್ಟುಬಂದಿದ್ದೇವೆ ಎಂದಿದ್ದ ಹಳೆಯ ತಗಡಿನ ಶೆಡ್ಡಿನಿಂದ.

ಬಾಗಿಲು ತಳ್ಳಿದರೆ ಹದಿನಾಲ್ಕೂ ಜನ ಅಲ್ಲಿದ್ದರು. ನೆಲದ ಮೇಲೆ ದುಂಡಗೆ, ಎದುರುಬದುರು ಕುಳಿತು, ಎರಡು ಕೈಯಲ್ಲೂ ಬಡಿಯುತ್ತಿದ್ದರು. ಮೂಲೆಯಲ್ಲಿ ರೊಟ್ಟಿಯ ರಾಶಿ ಎದೆಮಟ್ಟ ಏರಿತ್ತು.

"ಇದೇನು?" ಎಂದಳು ಪ್ರಣತಿ.

ಎಲ್ಲರ ಕೈ ನಿಂತಿತು. ಕದ್ದು ಬೆಣ್ಣೆ ತಿಂದ ಮಕ್ಕಳ ಹಾಗೆ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಮಾಬೂಬಿ ಎಂಬಾಕೆ ಬಾಯಿ ಬಿಟ್ಟಳು. "ಆ ಮನ್ಯಾಗ ಅರ್ಧಾನೂ ಆಗಂಗಿಲ್ಲವಾ. ಹಾಸ್ಟೆಲ್ ಹುಡುಗ್ರು ಉಪಾಸ ಬೀಳ್ತಾವು. ಅದಕ್ಕ ನಾಕಕ್ಕ ಬಂದು ಇಲ್ಲಿ ಮುಗಿಸಿ, ಒಂಬತ್ತಕ್ಕ ಅಲ್ಲಿಗೆ ಬರ್ತೀವಿ."

"ಮತ್ತೆ ಅಲ್ಲಿ ತೊಂಬತ್ತೇಳು ಹೇಗೆ ಬಂತು?"

"ಫಕೀರಕ್ಕ ತಾಲೀಮು ಕೊಟ್ಟಾಳ. ಎಲ್ಲಿ ತಿರುಗಬೇಕು, ಎಲ್ಲಿ ನಿಂದರಬಾರದು, ಎಲ್ಲಾ." ಮಾಬೂಬಿ ತಲೆ ತಗ್ಗಿಸಿದಳು. "ಈ ಪರೀಕ್ಷಾದ ಮೊದ್ಲನೆ ದಿನ ಮುಂಜಾನೆ ನೀ ಫೋನಿನ್ಯಾಗ ನಿಮ್ಮವ್ವನ ಮುಂದ ಅಳಾಕ ಹತ್ತಿದ್ದಿ. ಈ ಸಲ ಎಂಬತ್ತು ಬರಲಿಲ್ಲಂದ್ರ ಕಾಲೇಜು ಹೋತು ಅಂತ. ನಾ ಕೇಳಿಸ್ಕೊಂಡ್ನಿ."

ಪ್ರಣತಿಯ ಕೋಪ ನೆತ್ತಿಗೇರಿತು. ಎರಡೂವರೆ ತಿಂಗಳು ಬಾಯಿ ಬಿಡದೆ ಸತಾಯಿಸಿದ್ದು ಸಾಲದೆ, ಈಗ ಕಾಲಿಗೂ ಸುಳ್ಳು ಕಲಿಸಿದ್ದಾರಲ್ಲ! "ನಾಳಿದ್ದು ಅದನ್ನ ಕಾಂಕ್ರೀಟಲ್ಲಿ ಹೊಯ್ದು ಹೋಗ್ತಾರೆ. ಈ ಶೆಡ್ಡನ್ನ ಕೆಡವ್ತಾರೆ. ನಲವತ್ತು ವರ್ಷ ಏನು ಮಾಡ್ತೀರಿ? ಏನು ತೊಂದರೆ ಇದೆ ಅಲ್ಲಿ? ಈಗಲಾದರೂ ಹೇಳಿ!"

ಅವಳ ಕಣ್ಣಲ್ಲಿ ನೀರು ಬಂದ ಮೇಲೆ ಫಕೀರವ್ವ ನಿಟ್ಟುಸಿರು ಬಿಟ್ಟಳು. "ನಿಂತು ಬಡದ್ರ ರಟ್ಟೀಗೆ ಬಲ ಬರಂಗಿಲ್ಲ ತಂಗಿ. ಕಿಟಕ್ಯಾಗಿಂದ ಗಾಳಿ ಬೀಸಿದ್ರ ಉರಿ ಹಾರಿ ರೊಟ್ಟಿ ಉಬ್ಬಂಗಿಲ್ಲ. ಅದೆಲ್ಲಾ ಹೆಂಗರ ನಡೀತೈತಿ. ಕಲ್ಲವ್ವಂದ ದೊಡ್ಡ ಚಿಂತಿ."

ಕಲ್ಲವ್ವ ಶೆಡ್ಡಿನ ಕೊನೆಯಲ್ಲಿ ಕುಳಿತಿದ್ದ ಅರವತ್ತರ ಹೆಂಗಸು. ಹುಟ್ಟುತ್ತ ಚೆನ್ನಾಗಿದ್ದ ಅವಳ ಕಿವಿ ಹತ್ತನೆಯ ವಯಸ್ಸಿನ ಜ್ವರದಲ್ಲಿ ಹೋಗಿತ್ತು. ಎದುರಿಗೆ ಕುಳಿತವರ ತುಟಿ ನೋಡಿ ಅವಳು ಮಾತು ಹಿಡಿಯುತ್ತಿದ್ದಳು, ಮನೆಯಲ್ಲಿ ಒಬ್ಬಳೇ ಇರುವ ಆಕೆಗೆ ದಿನದ ಮಾತೆಲ್ಲ ಇಲ್ಲೇ. ಈಗ ಮಾತ್ರ ಮಾಬೂಬಿಯೂ ಫಕೀರವ್ವನೂ ಅವಳಿಗೆ ತುಟಿ ಕಾಣದ ಹಾಗೆ ಮುಖ ತಿರುಗಿಸಿಯೇ ಮಾತಾಡುತ್ತಿದ್ದರು.

"ನಿನ್ನ ಗೂಡಿನ್ಯಾಗ ಆಕಿಗೆ ಗ್ವಾಡಿ ಬಿಟ್ರ ಏನೂ ಕಾಣಂಗಿಲ್ಲ. ಇಡೀ ದಿನ ಒಂದು ಮಾತಿಲ್ಲ. ಆ ಸಿಟ್ಟಿಗೆ ಇಲ್ಲಿ ಬೆಳಿಗ್ಗೆ ಬಂದ್ರೂ ಸುಮ್ನ ಕುಂದರತಾಳ. ಗೂಡು ಯಾಕಂತ ನಾವೂ ಹೇಳಿಲ್ಲ, ಸರಕಾರದ ಹುಕುಂ ಅಂದೀವಿ. ಖರೇ ಹೇಳಿದ್ರ ನಿನ್ನ ಮುಂದ ಆಕಿ ಬಾಯಿ ಸುಮ್ನಿರಂಗಿಲ್ಲ."

ಪ್ರಣತಿ ಕಲ್ಲವ್ವನ ಕಡೆ ತಿರುಗಿ ನೋಡಿದಳು. ಎರಡೂವರೆ ತಿಂಗಳು ಆ ಹೆಂಗಸಿನ ಮುಂದೆ ಓಡಾಡಿದ್ದರೂ ಕಿವಿ ಕೇಳದ್ದು ತನಗೆ ತಿಳಿಯಲಿಲ್ಲವಲ್ಲ! ಅಳತೆಪಟ್ಟಿ ಹಿಡಿದು ಶೆಡ್ಡಿನ ಗೋಡೆ ಅಳೆದದ್ದೇ ಬಂತು. ನಾಳೆ ಕೊನೆಯ ದಿನ, ನಿಜವಾಗಿ ಹೇಗೆ ಕಷ್ಟವಾಗುತ್ತದೋ ಹಾಗೆಯೇ ಓಡಾಡಿ ಎಂದು ಕಲ್ಲವ್ವನನ್ನು ಬಿಟ್ಟು ಉಳಿದವರ ಕೈ ಹಿಡಿದು ಬೇಡಿಕೊಂಡಳು. ಎಲ್ಲರೂ ಆಗಲಿ ಎಂದು ತಲೆಯಾಡಿಸಿದರು.

ಏಳನೆಯ ದಿನ ಮಧ್ಯಾಹ್ನ ಅಂಕ ತೊಂಬತ್ತೆಂಟಕ್ಕೆ ಏರಿತು.

ಅವಳು ಕಿಟಕಿಯಿಂದ ಇಣುಕಿದಳು. ಹದಿಮೂರು ಜನ ಅಚ್ಚುಕಟ್ಟಾಗಿ ಗೂಡುಗಳಲ್ಲಿ ನಿಂತು, ಅವಳನ್ನು ನೋಡಿ ಕಳ್ಳನಗೆ ನಕ್ಕರು. ಕಲ್ಲವ್ವ ಮಾತ್ರ ಗೋಡೆ ನೋಡುತ್ತ ಬಡಿಯುತ್ತಿದ್ದಳು. ಈ ಜನಕ್ಕೆ ಏನೆಂದು ಹೇಳುವುದು? ಬಯ್ಯಬೇಕೋ, ಕಾಲಿಗೆ ಬೀಳಬೇಕೋ ತಿಳಿಯದೆ ಪ್ರಣತಿ ಡಾ. ಕಡಕೋಳರ ಬಳಿಗೆ ಓಡಿದಳು.

"ಸರ್, ಅಂಕ ಸುಳ್ಳು. ಅವರು ನಾಟಕ ಆಡ್ತಿದಾರೆ."

ವಿಜ್ಞಾನಿ ನಕ್ಕರು. "ಸಾಧ್ಯವಿಲ್ಲಮ್ಮ. ಒಬ್ಬ ಮನುಷ್ಯ ತನ್ನ ನಡಿಗೆಯನ್ನ ಹತ್ತು ನಿಮಿಷ ಬದಲಾಯಿಸಬಹುದು. ಏಳು ದಿನ ಬದಲಾಯಿಸಬೇಕಾದರೆ ಮೈಯೆಲ್ಲ ಹಣ್ಣಾಗುತ್ತೆ. ಒಂದು ಕಟ್ಟಡಕ್ಕೋಸ್ಕರ ಯಾರು ಅಷ್ಟು ಕಷ್ಟಪಡ್ತಾರೆ?"

"ಕಟ್ಟಡಕ್ಕಲ್ಲ ಸರ್, ನನಗೋಸ್ಕರ. ನನ್ನ ವರ್ಷ ಹೋಗಬಾರದು ಅಂತ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದನ್ನ ಅಳೆಯೋಕೆ ಯಂತ್ರದಲ್ಲಿ ಏನೂ ಇಟ್ಟಿಲ್ಲ. ನಿನ್ನ ಮಾತನ್ನ ದಾಖಲಿಸೋಕೂ ಬರೋದಿಲ್ಲ. ವಿನ್ಯಾಸ ಮಾಡಿದವರ ಅಭಿಪ್ರಾಯ ಪಕ್ಷಪಾತ ಅಂತ ನಿಯಮ. ಬಳಸುವವರ ಕಾಲು ಹೇಳಬೇಕು, ಅಷ್ಟೇ. ಇನ್ನು ಎರಡು ಗಂಟೆ ಇದೆ. ಸುಮ್ಮನೆ ತೊಂಬತ್ತೆಂಟು ತಗೊಂಡು ಮನೆಗೆ ಹೋಗು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳಬೇಡ."

ಹೋಗಬಹುದಿತ್ತು. ಹೋದರೆ ಪದವಿ ಕೈಯಲ್ಲಿ, ಅಮ್ಮನ ಮುಖದಲ್ಲಿ ನಗು. ಪ್ರಣತಿ ಹತ್ತು ನಿಮಿಷ ಹೊರಗಿನ ಕಲ್ಲಿನ ಮೇಲೆ ಕುಳಿತಳು. ಹೋಗಬೇಕೆಂದೇ ಅವಳಿಗೆ ಅನ್ನಿಸುತ್ತಿತ್ತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆಮೇಲೆ ಎದ್ದು, ಚಪ್ಪಲಿ ಬಿಟ್ಟು, ತಾನೇ ರೂಪಿಸಿದ ಮನೆಯ ಒಳಗೆ ಹೋದಳು. ಗೂಡುಗಳ ನಡುವಿನ ಓಣಿಯಲ್ಲಿ, ಯಾರೂ ಕೂರಬಾರದ ಜಾಗದಲ್ಲಿ, ಚಕ್ಕಳಮಕ್ಕಳ ಹಾಕಿ ಕುಳಿತಳು.

"ಫಕೀರವ್ವಾ, ನಾಳೆ ನಾನು ಊರಿಗೆ ಹೋಗ್ತೀನಿ. ಮೂರು ತಿಂಗಳು ನಿಮ್ಮ ಜೊತೆ ಇದ್ದು ಒಂದು ರೊಟ್ಟಿ ಬಡಿಯೋಕೆ ಬರಲ್ಲ ಅಂದರೆ ಅಮ್ಮ ನಗ್ತಾಳೆ. ಕಲಿಸಿಕೊಡಿ."

"ಈಗ? ಇಲ್ಲಿ?" ಫಕೀರವ್ವ ಮಾಡಿನ ಕಡೆ ಕಣ್ಣು ಹಾಯಿಸಿದಳು. "ಮಿಷನ್ ನೋಡಾಕ ಹತ್ತೈತಿ."

"ಕಲಿಸಲ್ಲವಾ?"

ಮನೆಗೆ ಬಂದ ಹುಡುಗಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವುದು ಆ ಓಣಿಯಲ್ಲಿ ಯಾರಿಗೆ ಬರುತ್ತದೆ? ಫಕೀರವ್ವ ಕಟ್ಟೆಯ ಮೇಲಿನ, ಹಿಟ್ಟು ನಾದುವ ಕೊಣಮಿಗೆಯನ್ನು ತಂದು ನೆಲಕ್ಕಿಟ್ಟು ಎದುರಿಗೆ ಕುಳಿತಳು. ಪ್ರಣತಿ ಹಿಟ್ಟಿಗೆ ನೀರು ಸುರಿದಳು, ಅದು ಅಂಬಲಿಯಾಯಿತು. ಗೂಡಿನಿಂದ ಮಾಬೂಬಿ ಇಣುಕಿ, "ಅಯ್ಯ, ಅದನ್ನ ಕುಡೀಬೇಕು, ಬಡಿಯಾಕ ಬರಂಗಿಲ್ಲ!" ಎಂದು ತಡೆಯಲಾರದೆ ಓಡಿಬಂದಳು. ಇನ್ನೊಬ್ಬಳು ಹಿಟ್ಟು ತಂದಳು, ಮತ್ತೊಬ್ಬಳು ಒಲೆ ಎಳೆದು ಗಾಳಿಗೆ ಬೆನ್ನು ಕೊಟ್ಟು ಕುಳಿತಳು. ಪ್ರಣತಿ ಬಡಿದ ಮೊದಲ ರೊಟ್ಟಿ ಮೂರು ಚೂರಾಯಿತು, ಎರಡನೆಯದು ಎಮ್ಮೆಯ ಕಿವಿಯ ಹಾಗಾಯಿತು. ನಗುವ ಗದ್ದಲದಲ್ಲಿ ತಾಲೀಮು ಯಾರಿಗೆ ನೆನಪು? ಅರ್ಧ ಗಂಟೆಯಲ್ಲಿ ಹದಿಮೂರು ಜನ ನೆಲದ ಮೇಲೆ ದುಂಡಗೆ ಕುಳಿತಿದ್ದರು. ಪ್ರಣತಿ ತಾನೇ ಎದ್ದು ಹೋಗಿ ಕಲ್ಲವ್ವನ ಭುಜ ಮುಟ್ಟಿ, ಕೈಹಿಡಿದು ತಂದು ಎಲ್ಲರ ಎದುರಿಗೆ ಕೂರಿಸಿದಳು.

ಹೊರಗೆ ಫಲಕದಲ್ಲಿ ಅಂಕ ಜಾರತೊಡಗಿತು. ಎಪ್ಪತ್ತು, ನಲವತ್ತಾರು, ಇಪ್ಪತ್ತು. ನಾಲ್ಕು ಗಂಟೆಗೆ ಗಂಟೆ ಬಾರಿಸಿದಾಗ ಹನ್ನೊಂದಕ್ಕೆ ನಿಂತಿತ್ತು. ಬಳಸುವವರು ಕಟ್ಟಡವನ್ನು ಸಂಪೂರ್ಣ ತಿರಸ್ಕರಿಸಿದ್ದಾರೆ ಎಂದು ಯಂತ್ರ ಬರೆದು ಮೊಹರು ಹಾಕಿತು. ಮುದ್ರಣ ಯಂತ್ರಗಳ ಬರವು ರದ್ದಾಯಿತು. ಪ್ರಣತಿಯ ಕಾಲೇಜೂ ಅದರೊಂದಿಗೇ ಮುಗಿಯಿತು.

ಡಾ. ಕಡಕೋಳ ಬಾಗಿಲಲ್ಲಿ ಬಂದು ನಿಂತರು. ಒಳಗಿನ ಗಲಾಟೆಯನ್ನು ಬಹಳ ಹೊತ್ತು ನೋಡಿದರು.

"ಈ ತನಕ ಇನ್ನೂರ ಹನ್ನೆರಡು ಕಟ್ಟಡ ಹೊಯ್ದಿದ್ದೇವೆ," ಎಂದರು ಪ್ರಣತಿಗೆ. "ಎಲ್ಲಕ್ಕೂ ಒಳ್ಳೇ ಅಂಕ. ತೊಂಬತ್ತರ ಮೇಲೆ ಬಂದದ್ದನ್ನ ನಾವು ಬೇರೆ ಊರುಗಳಿಗೂ ಮಾದರಿ ಅಂತ ಕಳಿಸಿದೆವು. ಅವನ್ನ ಮಾಡಿದ ಹುಡುಗರೂ ನಿನ್ನ ಹಾಗೆ ಜನರಿಗೆ ಬೇಕಾದವರಾಗಿದ್ದರೆ?"

ಅವರು ಫಕೀರವ್ವನ ಕಡೆ ತಿರುಗಿದರು. "ಮತ್ತ ಹೆಂಗ ಅಳೀಬೇಕು ಅವ್ವಾರ? ಬಾಯಿ ನಂಬಂಗಿಲ್ಲ, ಕಾಲೂ ನಂಬಂಗಿಲ್ಲ ಅಂದ್ರ?"

"ನಮ್ಮ ಜೋಡಿ ಜಗಳಾ ಆಡೋವಷ್ಟು ಸಲಿಗಿ ಆಗೋತನಕ ಕಟ್ಟಬ್ಯಾಡ್ರಿ," ಎಂದಳು ಫಕೀರವ್ವ ಹಿಟ್ಟು ನಾದುತ್ತ. "ಅದಕ್ಕ ಮೂರು ತಿಂಗಳು ಸಾಲಂಗಿಲ್ಲ."

ಅಷ್ಟು ಹೊತ್ತು ಎಲ್ಲರ ತುಟಿಗಳನ್ನೂ ಹಸಿದವಳ ಹಾಗೆ ನೋಡುತ್ತಿದ್ದ ಕಲ್ಲವ್ವ ಆಗ ಬಾಯಿ ತೆರೆದಳು. ಏಳು ದಿನದ ಮಾತು ಕಟ್ಟೆಯೊಡೆದು ಬಂತು. "ಈ ಗೂಡಿನ ಮನಿ ಬರದವ್ರು ಯಾರು ಅಂತೀನಿ? ಮಂದಿ ಎದುರಾಬದುರಾ ಕುಂತಿದ್ದು ಜನ್ಮದಾಗ ನೋಡಿಲ್ಲೇನು ಅವ್ರು? ತಲ್ಯಾಗ ಏನರ ಐತೋ ಇಲ್ಲೋ?"

ಎಲ್ಲರ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಮಾಬೂಬಿ ಅವಳ ಮೊಣಕಾಲು ಚಿವುಟಿದಳು. ಪ್ರಣತಿ ಹಿಟ್ಟಿನ ಕೈಯಲ್ಲೇ ಮುಖದ ಮೇಲಿನ ಕೂದಲು ಸರಿಸಿ, ತುಟಿ ಚೆನ್ನಾಗಿ ಕಾಣುವ ಹಾಗೆ ಕಲ್ಲವ್ವನ ಕಡೆ ತಿರುಗಿದಳು.

"ನಾನೇ ಕಲ್ಲವ್ವಾ. ಇನ್ನೂ ಏನೇನು ತಪ್ಪಾಗಿದೆ?"

ಕಲ್ಲವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸರಿಯಾಗಿ ಎದುರಿಗೆ ಬಂದು ಕುಳಿತು, ಬೆರಳು ಮಡಚುತ್ತ ಒಂದೊಂದಾಗಿ ಹೇಳತೊಡಗಿದಳು.